ಸಾವಿರಾರು ಸಾಲುಗಳ ಪಟ್ಟಿಯನ್ನು ವೆಬ್ ಪುಟದಲ್ಲಿ ತೋರಿಸುವುದು: ಯಾವ ವಿಧಾನ ಯಾವಾಗ?

ಉದ್ದನೆಯ ಪಟ್ಟಿಯೊಂದು ತಡವರಿಸುತ್ತಿದೆ ಎಂಬ ದೂರು ಬಂದ ಕೂಡಲೇ ಹೆಚ್ಚಿನ ತಂಡಗಳು ವರ್ಚುವಲೈಸೇಶನ್, ಅಂದರೆ ಪರದೆಯಲ್ಲಿ ಕಾಣುವ ಸಾಲುಗಳನ್ನು ಮಾತ್ರ ಸೃಷ್ಟಿಸುವ ವಿಧಾನದ, ಲೈಬ್ರರಿಯ ಹುಡುಕಾಟಕ್ಕೆ ಇಳಿಯುತ್ತವೆ. ನನ್ನ ಪ್ರಕಾರ ಅದು ಮೂರನೆಯದೋ ನಾಲ್ಕನೆಯದೋ ಹೆಜ್ಜೆಯಾಗಬೇಕು. ಆ ವಿಧಾನ ಕೊಡುವ ವೇಗಕ್ಕೆ ಬೆಲೆ ತೆರುವವರು ಪುಟವನ್ನು ಬಳಸುವವರು. ಪುಟದೊಳಗಿನ ಹುಡುಕಾಟ, ಮುದ್ರಣ, ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್, ಹಿಂದಕ್ಕೆ ಮರಳಿದಾಗ ಅದೇ ಸಾಲು ಸಿಗುವ ಭರವಸೆ, ಇವೆಲ್ಲ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಆ ಬೆಲೆ ತೆರಲೇಬೇಕಾದ ಸಂದರ್ಭಗಳಿವೆ, ನಿಜ. ಆದರೆ ಅವು ನಾವು ಅಂದುಕೊಂಡಷ್ಟು ಸಾಮಾನ್ಯವಲ್ಲ.

ಮಾತು ಗಾಳಿಯಲ್ಲಿ ಹೋಗದಂತೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕರ್ನಾಟಕದ ಸ್ಥಳನಾಮಗಳನ್ನು ತೋರಿಸುವ ಒಂದು ಅಪ್ಲಿಕೇಶನ್ ಕಟ್ಟುತ್ತಿದ್ದೀರಿ. ಜಿಲ್ಲೆಗಳು 31. ವಿಧಾನಸಭಾ ಕ್ಷೇತ್ರಗಳು 224. ಗ್ರಾಮ ಪಂಚಾಯಿತಿಗಳು ಸುಮಾರು 6,000. 2011ರ ಜನಗಣತಿಯ ಲೆಕ್ಕದಲ್ಲಿ ಗ್ರಾಮಗಳು 29,000ಕ್ಕೂ ಹೆಚ್ಚು. ಒಂದೇ ಅಪ್ಲಿಕೇಶನ್, ನಾಲ್ಕು ಅಳತೆಯ ಪಟ್ಟಿಗಳು. ನಾಲ್ಕಕ್ಕೂ ಒಂದೇ ಮದ್ದು ಹೊಂದುವುದಿಲ್ಲ.

ಮೊದಲು ನಿಧಾನ ಎಲ್ಲಿದೆ ಎಂದು ನೋಡಿ

ಗ್ರಾಮದ ಹೆಸರು, ಅದರ ಕೆಳಗೆ ತಾಲ್ಲೂಕು ಮತ್ತು ಜಿಲ್ಲೆ, ಪಕ್ಕದಲ್ಲೊಂದು ಚಿಹ್ನೆ, ಒಂದು ಗುಂಡಿ. ಇವನ್ನೆಲ್ಲ ಸುತ್ತುವರಿದ ಹೊದಿಕೆಗಳನ್ನೂ ಸೇರಿಸಿದರೆ ಪ್ರತಿ ಸಾಲಿಗೆ ಆರು ಎಚ್‌ಟಿಎಂಎಲ್ ಎಲಿಮೆಂಟ್‌ಗಳು ಎಂದುಕೊಳ್ಳೋಣ. 29,000 ಸಾಲುಗಳಿಗೆ 1,74,000 ಎಲಿಮೆಂಟ್‌ಗಳಾದವು. ಗೂಗಲ್‌ನ ಲೈಟ್‌ಹೌಸ್ ಪರೀಕ್ಷಾ ಸಾಧನ ಒಂದು ಪುಟದಲ್ಲಿ ಸುಮಾರು 800 ನೋಡ್‌ಗಳು (ಅಂದರೆ ಎಲಿಮೆಂಟ್‌ಗಳು) ದಾಟಿದರೆ ಎಚ್ಚರಿಸುತ್ತದೆ, ಸುಮಾರು 1,400 ದಾಟಿದರೆ ದೋಷವೆಂದೇ ಗುರುತಿಸುತ್ತದೆ. ಆ ಮಿತಿ ತೀರಾ ಕಟ್ಟುನಿಟ್ಟಾಯಿತು ಎಂದು ನನಗೆ ಅನಿಸುತ್ತದೆ. ಎರಡು ಸಾವಿರ ನೋಡ್‌ಗಳ ಸರಳ ಪುಟ ಸಾಧಾರಣ ಮೊಬೈಲ್‌ನಲ್ಲೂ ಚೆನ್ನಾಗಿಯೇ ಓಡುತ್ತದೆ. ಆದರೆ ಒಂದೂಮುಕ್ಕಾಲು ಲಕ್ಷದ ವಿಷಯದಲ್ಲಿ ವಾದಕ್ಕೆ ಜಾಗವಿಲ್ಲ.

ಸ್ಕ್ರಾಲ್ ಮಾಡುವುದೇ ದುಬಾರಿ ಕೆಲಸ ಎಂದು ಹಲವರು ನಂಬಿದ್ದಾರೆ. ಇಂದಿನ ಬ್ರೌಸರ್‌ಗಳಲ್ಲಿ ಸ್ಕ್ರಾಲ್ ಬಹುಪಾಲು ಜಾವಾಸ್ಕ್ರಿಪ್ಟ್ ಓಡುವ ಮುಖ್ಯ ಥ್ರೆಡ್‌ನ (ಕೆಲಸದ ಸರಣಿಯ) ಹೊರಗೆ, ಕಾಂಪೋಸಿಟರ್ ಎಂಬ ಬೇರೆ ಥ್ರೆಡ್‌ನಲ್ಲಿ ನಡೆಯುತ್ತದೆ. ಒಮ್ಮೆ ಮೂಡಿಬಂದ ಸ್ಥಿರ ಪಟ್ಟಿ ಎಷ್ಟೇ ಉದ್ದವಿದ್ದರೂ ಸಾಕಷ್ಟು ಸಲೀಸಾಗಿ ಜಾರುತ್ತದೆ. ನೋವು ಇರುವುದು ಬೇರೆಡೆ: ಪಟ್ಟಿ ಮೊದಲ ಬಾರಿ ಮೂಡುವಾಗ, ಹುಡುಕು ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರ ಒತ್ತಿದಾಗಲೂ ಇಡೀ ಪಟ್ಟಿ ಮರುರಚನೆಯಾಗುವಾಗ, ಮೊಬೈಲ್ ಅಡ್ಡ ತಿರುಗಿಸಿದಾಗ ಎಲ್ಲ ಸಾಲುಗಳ ಅಗಲ ಬದಲಾಗುವಾಗ. ಪ್ರತಿ ಸಲವೂ ಶೈಲಿಯ ಲೆಕ್ಕ, ಲೇಔಟ್ (ಯಾವುದು ಎಲ್ಲಿ, ಎಷ್ಟು ಜಾಗದಲ್ಲಿ ಎಂಬ ಲೆಕ್ಕ), ಪೇಂಟ್ (ಅದನ್ನು ಪರದೆಗೆ ಬಿಡಿಸುವುದು) ಮೂರೂ ನಡೆಯಬೇಕು. ಸೆಕೆಂಡಿಗೆ 60 ಫ್ರೇಮ್‌ಗಳ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್ ಮಾತ್ರ.

ಆದ್ದರಿಂದ ಕ್ರೋಮ್‌ನೊಳಗಿನ ಪರಿಶೀಲನಾ ಸಾಧನವಾದ ಡೆವ್‌ಟೂಲ್ಸ್‌ನಲ್ಲಿ ಪರ್ಫಾರ್ಮೆನ್ಸ್ ವಿಭಾಗ ತೆರೆದು, ಸಿಪಿಯು ವೇಗವನ್ನು ನಾಲ್ಕು ಪಟ್ಟು ಅಥವಾ ಆರು ಪಟ್ಟು ತಗ್ಗಿಸಿ, ದೂರು ಬಂದ ಕ್ರಿಯೆಯನ್ನೇ ಮಾಡಿ ನೋಡಿ. ಹೆಚ್ಚಿನ ಸಮಯ ಜಾವಾಸ್ಕ್ರಿಪ್ಟ್‌ನಲ್ಲಿ ಹೋಗುತ್ತಿದೆಯೋ, ಲೇಔಟ್‌ನಲ್ಲೋ? ಮುಂದಿನ ಆಯ್ಕೆ ಇದೊಂದು ಉತ್ತರವನ್ನೇ ಅವಲಂಬಿಸಿದೆ. 2024ರ ಮಾರ್ಚ್‌ನಿಂದ ಗೂಗಲ್‌ನ ಮುಖ್ಯ ಮಾಪನಗಳಲ್ಲಿ ಸೇರಿರುವ ಐಎನ್‌ಪಿ, ಅಂದರೆ ಬಳಕೆದಾರರ ಕ್ರಿಯೆಗೂ ಪರದೆಯ ಮೇಲಿನ ಪ್ರತಿಕ್ರಿಯೆಗೂ ನಡುವಿನ ವಿಳಂಬ, 200 ಮಿಲಿಸೆಕೆಂಡ್ ಒಳಗಿರಬೇಕು. ಗುರಿಯಾಗಿ ಇಟ್ಟುಕೊಳ್ಳಲು ಅದು ಒಳ್ಳೆಯ ಅಂಕಿ.

31 ಜಿಲ್ಲೆ, 224 ಕ್ಷೇತ್ರಗಳ ಪಟ್ಟಿಗಳಿಗೆ ಇಷ್ಟೆಲ್ಲ ಬೇಡ. ಸಾದಾ ಎಚ್‌ಟಿಎಂಎಲ್ ಬರೆದು ಮುಂದೆ ಹೋಗಿ. ಕೆಲವು ನೂರು ಸಾಲುಗಳ ಪಟ್ಟಿಗೆ ವರ್ಚುವಲೈಸೇಶನ್ ಹಾಕುವುದು ಬರೀ ಕೆಡುಕು.

ಪಟ್ಟಿಯನ್ನೇ ಚಿಕ್ಕದಾಗಿಸುವುದು

29,000 ಗ್ರಾಮಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಯಾರೂ ಓದುವುದಿಲ್ಲ. ಬಂದವರಿಗೆ ತಮ್ಮ ಊರು ಬೇಕು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಕ್ರಮ ನಮ್ಮ ಕಂದಾಯ ವ್ಯವಸ್ಥೆಯಲ್ಲೇ ಇದೆ, ಜನರಿಗೂ ಅದು ಬಾಯಿಪಾಠ. ಮೂರು ಆಯ್ಕೆಗಳ ನಂತರ ತೋರಿಸಬೇಕಾದದ್ದು ಕೆಲವು ಹತ್ತು ಹೆಸರುಗಳು ಮಾತ್ರ. ಯಾವ ಲೈಬ್ರರಿಯೂ ಇದಕ್ಕಿಂತ ವೇಗವಾಗಿ ಓಡದು.

ಹುಡುಕು ಪೆಟ್ಟಿಗೆ ಇಡುವುದಾದರೆ ಕನ್ನಡಕ್ಕೆ ವಿಶೇಷವಾದ ಒಂದು ಎಚ್ಚರಿಕೆ ಬೇಕು. ‘ಕೊಪ್ಪ’ ಎಂಬ ಹೆಸರಿನ ಮೊದಲ ಅಕ್ಷರದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಪಕ್ಕ ಒಂದಿಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ದತ್ತಾಂಶವನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ಎಂಬ ಏಕರೂಪದ ಯೂನಿಕೋಡ್ ಬರಹಕ್ಕೆ ತಂದು ಹೋಲಿಸದಿದ್ದರೆ ಊರು ಇದ್ದೂ ಇಲ್ಲವೆಂದು ಉತ್ತರ ಬರುತ್ತದೆ. ಹಳೆಯ ಕಡತಗಳಿಂದ ಪರಿವರ್ತಿಸಿದ ಹೆಸರುಗಳಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಸಂಕೇತಗಳೂ ಉಳಿದಿರುತ್ತವೆ. ಹೋಲಿಕೆಗೆ ಮುನ್ನ ಅವನ್ನೂ ತೆಗೆಯಬೇಕು. ಇದು ವೇಗದ ಪ್ರಶ್ನೆಯಲ್ಲ, ಒಪ್ಪುತ್ತೇನೆ. ಆದರೆ ಹುಡುಕಾಟ ಕೈಕೊಟ್ಟರೆ ಜನ ಸ್ಕ್ರಾಲ್ ಮಾಡಲು ಶುರುಮಾಡುತ್ತಾರೆ, ಆಗ ಉದ್ದ ಪಟ್ಟಿಯ ಸಮಸ್ಯೆ ಮತ್ತೆ ತಲೆಯೆತ್ತುತ್ತದೆ.

ಪುಟಗಳೋ, ಮುಗಿಯದ ಸ್ಕ್ರಾಲೋ

ಪುಟಗಳಾಗಿ ಒಡೆಯುವುದು ಹಳೆಯ ವಿಧಾನ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಅದರ ಮೇಲೆ ಗೌರವವಿದೆ. ಪ್ರತಿ ಪುಟಕ್ಕೂ ತನ್ನದೇ ವಿಳಾಸವಿರುತ್ತದೆ, ಅದನ್ನು ಇನ್ನೊಬ್ಬರಿಗೆ ಕಳುಹಿಸಬಹುದು. ಹಿಂದಕ್ಕೆ ಗುಂಡಿ ಒತ್ತಿದರೆ ಇದ್ದಲ್ಲಿಗೇ ಬರುತ್ತೇವೆ. ಹುಡುಕು ಎಂಜಿನ್‌ಗಳಿಗೂ ಎಲ್ಲ ಪುಟಗಳು ಸಿಗುತ್ತವೆ. ಸರ್ಕಾರಿ ಸೇವೆ, ಗ್ರಂಥಾಲಯದ ಸೂಚಿ, ಫಲಿತಾಂಶಗಳ ಪಟ್ಟಿ ಇಂಥವಕ್ಕೆಲ್ಲ ಇದೇ ಸರಿ.

ಮುಗಿಯದ ಸ್ಕ್ರಾಲ್ ಸುದ್ದಿ, ಚಿತ್ರಗಳಂತಹ ಹರಿವಿಗೆ ಹೊಂದುತ್ತದೆ. ಅಲ್ಲಿ ಯಾರೂ ನಿರ್ದಿಷ್ಟ ಸಾಲನ್ನು ಹುಡುಕುತ್ತಿರುವುದಿಲ್ಲ. ಪಟ್ಟಿಯ ತುದಿಯಲ್ಲೊಂದು ಖಾಲಿ ಎಲಿಮೆಂಟ್ ಇಟ್ಟು, ಅದು ಪರದೆಯ ಹತ್ತಿರ ಬಂದಾಗ ಇಂಟರ್‌ಸೆಕ್ಷನ್ ಅಬ್ಸರ್ವರ್ ಮೂಲಕ ಮುಂದಿನ ಕಂತು ತರಿಸಿಕೊಳ್ಳುವುದು ಸಾಮಾನ್ಯ ಕ್ರಮ. ಇದು ಮೊದಲ ರೆಂಡರಿಂಗನ್ನು, ಅಂದರೆ ಪಟ್ಟಿ ಪರದೆಯಲ್ಲಿ ಮೊದಲು ಮೂಡುವುದನ್ನು, ಮಾತ್ರ ಹಗುರ ಮಾಡುತ್ತದೆ ಎಂಬುದು ನೆನಪಿರಲಿ. ಇಳಿದಂತೆಲ್ಲ ಎಲಿಮೆಂಟ್‌ಗಳು ಸೇರುತ್ತಲೇ ಹೋಗಿ, ಕಾಲು ಗಂಟೆಯ ನಂತರ ಪುಟ ಮೊದಲಿನಷ್ಟೇ ಭಾರವಾಗುತ್ತದೆ. ಪುಟದ ಅಡಿಬರಹವಂತೂ ಕೈಗೆ ಸಿಗುವುದೇ ಇಲ್ಲ. ಎರಡರ ನಡುವೆ ಗೊಂದಲವಿದ್ದರೆ ‘ಇನ್ನಷ್ಟು ತೋರಿಸಿ’ ಎಂಬ ಗುಂಡಿ ಇಡಿ. ಹತೋಟಿ ಬಳಕೆದಾರರ ಕೈಯಲ್ಲಿ ಉಳಿಯುತ್ತದೆ.

ಯಾವುದನ್ನೇ ಆರಿಸಿದರೂ ಡೇಟಾಬೇಸ್‌ನಿಂದ ಆಫ್‌ಸೆಟ್ ಬಳಸಿ ಕಂತು ತರುವುದನ್ನು ದೊಡ್ಡ ಪಟ್ಟಿಗಳಲ್ಲಿ ಬಿಟ್ಟುಬಿಡಿ. 20,000 ಸಾಲು ದಾಟಿ ಮುಂದಿನ 50 ಕೊಡು ಎಂದರೆ ಡೇಟಾಬೇಸ್ ಆ 20,000ವನ್ನೂ ನಡೆದು ದಾಟುತ್ತದೆ. ನಡುವೆ ಹೊಸ ಸಾಲು ಸೇರಿದರೆ ಒಂದು ಹೆಸರು ಎರಡು ಸಲ ಕಾಣುವುದೂ ಉಂಟು. ಕೊನೆಗೆ ನೋಡಿದ ಸಾಲಿನ ಗುರುತನ್ನೇ ಕರ್ಸರ್ ಆಗಿ ಕಳುಹಿಸಿ, ಅದರ ನಂತರದವನ್ನು ಕೇಳುವುದು ಮೇಲು. ಹಾಗೆ ಮಾಡಿದರೆ ನೇರವಾಗಿ 40ನೇ ಪುಟಕ್ಕೆ ಹಾರುವ ಅನುಕೂಲ ಹೋಗುತ್ತದೆ.

ಬ್ರೌಸರಿಗೇ ಬಿಡುವ ದಾರಿ

ಇಡೀ ಪಟ್ಟಿ ಒಂದೇ ಪುಟದಲ್ಲಿ ಇರಲೇಬೇಕು, ಸಾಲುಗಳು ಕೆಲವು ಸಾವಿರ ಎಂದಾದರೆ ಮೊದಲು ಪ್ರಯತ್ನಿಸಬೇಕಾದದ್ದು ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನ ಕಂಟೆಂಟ್-ವಿಸಿಬಿಲಿಟಿ ಎಂಬ ಗುಣ. ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಕ್ರೋಮ್ ತಂಡ ಮೊದಲು ವರ್ಚುವಲ್ ಸ್ಕ್ರಾಲರ್ ಎಂಬ ಸಿದ್ಧ ಎಲಿಮೆಂಟನ್ನೇ ಬ್ರೌಸರಿನೊಳಗೆ ತರಲು ಹೊರಟಿತ್ತು. ಅದನ್ನು ಕೈಬಿಟ್ಟು, ಅದರ ಅಡಿಯಲ್ಲಿ ಬೇಕಾಗಿದ್ದ ಮೂಲಶಕ್ತಿಯನ್ನು ಮಾತ್ರ ಸಿಎಸ್‌ಎಸ್‌ಗೆ ಸೇರಿಸಿತು. 2020ರ ಆಗಸ್ಟ್‌ನಲ್ಲಿ ಕ್ರೋಮ್ 85ರಲ್ಲಿ ಬಂದ ಈ ಗುಣ 2024ರಲ್ಲಿ ಫೈರ್‌ಫಾಕ್ಸ್ 125 ಮತ್ತು ಸಫಾರಿ 18ರಲ್ಲೂ ಬಂತು. ಹಳೆಯ ಬ್ರೌಸರ್ ಇದನ್ನು ಅರ್ಥಮಾಡಿಕೊಳ್ಳದಿದ್ದರೂ ಪುಟ ಮುರಿಯುವುದಿಲ್ಲ, ನಿಧಾನವಾಗಿಯೇ ಇರುತ್ತದೆ, ಅಷ್ಟೆ.

ಇದಕ್ಕೆ ‘ಆಟೋ’ ಎಂಬ ಬೆಲೆ ಕೊಟ್ಟರೆ, ಪರದೆಯಿಂದ ದೂರವಿರುವ ಭಾಗದ ಒಳಗಿನ ಲೇಔಟ್ ಮತ್ತು ಪೇಂಟ್ ಕೆಲಸವನ್ನು ಬ್ರೌಸರ್ ಮುಂದೂಡುತ್ತದೆ. ಎಲಿಮೆಂಟ್‌ಗಳು ಮಾತ್ರ ಪುಟದಲ್ಲೇ ಇರುತ್ತವೆ. ಹಾಗಾಗಿ ಕಂಟ್ರೋಲ್-ಎಫ್ ಒತ್ತಿ ಹುಡುಕಿದರೆ ಕೊನೆಯ ಸಾಲೂ ಸಿಗುತ್ತದೆ, ಸ್ಕ್ರೀನ್ ರೀಡರ್‌ಗೂ ಪೂರ್ತಿ ಪಟ್ಟಿ ತಲುಪುತ್ತದೆ, ಟ್ಯಾಬ್ ಕೀಲಿಯೂ ಕೆಲಸ ಮಾಡುತ್ತದೆ. ಗೂಗಲ್ ತಂಡ ತನ್ನ ಪರಿಚಯ ಲೇಖನದ ಪ್ರವಾಸ ಬ್ಲಾಗಿನ ಉದಾಹರಣೆಯಲ್ಲಿ ಮೊದಲ ರೆಂಡರಿಂಗ್ 232 ಮಿಲಿಸೆಕೆಂಡ್‌ನಿಂದ 30ಕ್ಕೆ ಇಳಿದದ್ದನ್ನು ತೋರಿಸಿತ್ತು. ಎರಡು ಸಾಲಿನ ಸಿಎಸ್‌ಎಸ್‌ಗೆ ಇದು ದೊಡ್ಡ ಫಲ.

ಇದರ ಜೊತೆ ಕಂಟೇನ್-ಇಂಟ್ರಿನ್ಸಿಕ್-ಸೈಜ್ ಎಂಬ ಗುಣದಲ್ಲಿ ಅಂದಾಜು ಎತ್ತರ ಕೊಡಲೇಬೇಕು. ಕೊಡದಿದ್ದರೆ ಕಾಣದ ಭಾಗಗಳ ಎತ್ತರ ಸೊನ್ನೆಯಾಗಿ ಸ್ಕ್ರಾಲ್‌ಬಾರ್ ಕುಣಿಯುತ್ತದೆ. ಅಂದಾಜಿಗೆ ಮೊದಲು ‘ಆಟೋ’ ಎಂದು ಸೇರಿಸಿದರೆ ಒಮ್ಮೆ ಮೂಡಿದ ಭಾಗದ ನಿಜವಾದ ಎತ್ತರವನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ನಮ್ಮ 6,000 ಪಂಚಾಯಿತಿಗಳಲ್ಲಿ ಈ ಗುಣವನ್ನು ಪ್ರತಿ ಸಾಲಿಗೂ ಹಚ್ಚುವ ಬದಲು ಪ್ರತಿ ತಾಲ್ಲೂಕಿನ ಗುಂಪಿಗೆ ಹಚ್ಚುವುದು ಜಾಣತನ. ಬ್ರೌಸರ್ ನಿಗಾ ಇಡಬೇಕಾದ ಘಟಕಗಳು ಆರು ಸಾವಿರದಿಂದ ಕೆಲವು ನೂರಕ್ಕೆ ಇಳಿಯುತ್ತವೆ. ಒಂದು ತೊಡಕಿದೆ: ಈ ಗುಣ ಹಚ್ಚಿದ ಡಬ್ಬಿಯ ಅಂಚಿನಾಚೆಗೆ ಏನೂ ಚಾಚುವಂತಿಲ್ಲ. ಸಾಲಿನಿಂದ ಕೆಳಗಿಳಿಯುವ ಮೆನು ಇದ್ದರೆ ಅದು ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತದೆ. ಮೆನುವನ್ನು ಪಟ್ಟಿಯ ಹೊರಗಿನಿಂದ ತೋರಿಸಬೇಕಾಗುತ್ತದೆ.

ಇದು ಲೇಔಟ್ ಉಳಿಸುತ್ತದೆಯೇ ಹೊರತು ಜಾವಾಸ್ಕ್ರಿಪ್ಟ್ ಉಳಿಸುವುದಿಲ್ಲ. ರಿಯಾಕ್ಟ್ ಅಥವಾ ವ್ಯೂನಂತಹ ಜಾವಾಸ್ಕ್ರಿಪ್ಟ್ ಚೌಕಟ್ಟು ಬಳಸಿ 1,74,000 ಎಲಿಮೆಂಟ್ ಸೃಷ್ಟಿಸುವ ಖರ್ಚು ಹಾಗೆಯೇ ಉಳಿಯುತ್ತದೆ, ನೆನಪಿನ ಬಳಕೆಯೂ ತಗ್ಗುವುದಿಲ್ಲ. ಸರ್ವರ್‌ನಿಂದಲೇ ಸಿದ್ಧ ಎಚ್‌ಟಿಎಂಎಲ್ ಬರುವ ಪುಟಕ್ಕೆ ಇದು ಅತ್ಯುತ್ತಮ. ಕ್ಷಣಕ್ಷಣಕ್ಕೂ ಬದಲಾಗುವ ಪಟ್ಟಿಗೆ ಸಾಲದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ದೊಡ್ಡ ಎಚ್‌ಟಿಎಂಎಲ್ ಕಳುಹಿಸುವುದಾದರೆ ಸರ್ವರ್‌ನಲ್ಲಿ ಸಂಕೋಚನ ಚಾಲೂ ಇದೆಯೇ ಎಂದು ಖಾತರಿ ಮಾಡಿಕೊಳ್ಳಿ.

ವರ್ಚುವಲೈಸೇಶನ್: ಸಾಲಿನ ಎತ್ತರವೇ ಗಡಿರೇಖೆ

ಈಗ ಬರೋಣ ದೊಡ್ಡ ಆಯುಧಕ್ಕೆ. ಪರದೆಯಲ್ಲಿ ಕಾಣುವ ಸಾಲುಗಳನ್ನು ಮಾತ್ರ ಸೃಷ್ಟಿಸುವುದು, ಸ್ಕ್ರಾಲ್ ಆದಂತೆ ಹಳೆಯವನ್ನು ತೆಗೆದು ಹೊಸತನ್ನು ಇಡುವುದು ಇದರ ತಿರುಳು. 720 ಪಿಕ್ಸೆಲ್ ಎತ್ತರದ ಪರದೆಯಲ್ಲಿ 48 ಪಿಕ್ಸೆಲ್‌ನ ಸಾಲುಗಳು 15 ಹಿಡಿಸುತ್ತವೆ. ಮೇಲೆ ಕೆಳಗೆ ಐದೈದು ಸಾಲು ಓವರ್‌ಸ್ಕ್ಯಾನ್ (ಕಾಣುವ ಮುನ್ನವೇ ಸಿದ್ಧವಾಗಿಡುವ ಹೆಚ್ಚುವರಿ ಸಾಲುಗಳು) ಸೇರಿಸಿದರೆ 25 ಸಾಲು, ಅಂದರೆ 150 ಎಲಿಮೆಂಟ್. ಪಟ್ಟಿ ಸಾವಿರದ್ದಾಗಲಿ ಲಕ್ಷದ್ದಾಗಲಿ ಈ ಅಂಕಿ ಬದಲಾಗದು. ಆಂಡ್ರಾಯ್ಡ್‌ನ ರಿಸೈಕ್ಲರ್‌ವ್ಯೂ ಮತ್ತು ಐಫೋನ್‌ನ ಟೇಬಲ್‌ವ್ಯೂ ಮಾಡುವುದೂ ಇದೇ ಬಗೆಯ ಕೆಲಸ. ವೆಬ್‌ನಲ್ಲಿ ಅದನ್ನು ನಾವೇ ಕಟ್ಟಿಕೊಳ್ಳಬೇಕು.

ಎಲ್ಲ ಸಾಲುಗಳ ಎತ್ತರ ಒಂದೇ ಎಂದಾದರೆ ಲೆಕ್ಕ ಒಂದು ಭಾಗಾಕಾರದಲ್ಲಿ ಮುಗಿಯುತ್ತದೆ: ಎಷ್ಟು ಪಿಕ್ಸೆಲ್ ಇಳಿದಿದ್ದೇವೆ ಎಂಬುದನ್ನು ಸಾಲಿನ ಎತ್ತರದಿಂದ ಭಾಗಿಸಿದರೆ ಮೊದಲ ಸಾಲು ಯಾವುದು ಎಂದು ತಿಳಿಯುತ್ತದೆ. ನೂರು ಸಾಲಿನ ಕೋಡ್‌ನಲ್ಲಿ ಇದನ್ನು ಸ್ವತಃ ಬರೆಯಬಹುದು, ತಪ್ಪುವ ಜಾಗಗಳೂ ಕಡಿಮೆ.

ಎತ್ತರ ಒಂದೊಂದಕ್ಕೆ ಒಂದೊಂದು ಎಂದಾದ ಕ್ಷಣ ಕಥೆಯೇ ಬೇರೆ. ಮೂಡದ ಸಾಲಿನ ಎತ್ತರ ಯಾರಿಗೂ ಗೊತ್ತಿಲ್ಲ. ಅಂದಾಜಿನಿಂದ ಶುರುಮಾಡಿ, ಮೂಡಿದ ಮೇಲೆ ಅಳೆದು, ಸಂಚಿತ ಎತ್ತರಗಳ ಪಟ್ಟಿಯನ್ನು ತಿದ್ದಿ, ಅದರಲ್ಲಿ ಬೈನರಿ ಹುಡುಕಾಟ (ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವುದು) ಮಾಡಬೇಕು. ಅಂದಾಜು ತಪ್ಪಿದಷ್ಟೂ ಸ್ಕ್ರಾಲ್‌ಬಾರ್‌ನ ಹಿಡಿ ಬೆರಳಿನಡಿಯಿಂದ ಜಾರುತ್ತದೆ. ಮೇಲಕ್ಕೆ ಸ್ಕ್ರಾಲ್ ಮಾಡುವಾಗ ಅಳತೆ ಬದಲಾದರೆ ಓದುತ್ತಿದ್ದ ಸಾಲು ನೆಗೆಯುತ್ತದೆ. ಅಳತೆ ಕೊಡದ ಚಿತ್ರಗಳಿದ್ದರಂತೂ ಇನ್ನೂ ಕಷ್ಟ.

ಕನ್ನಡದಲ್ಲಿ ಈ ತೊಂದರೆ ಹೆಚ್ಚು. ನಮ್ಮ ಪದಗಳು ಉದ್ದ, ವಿಭಕ್ತಿ ಸೇರಿ ಇನ್ನೂ ಉದ್ದವಾಗುತ್ತವೆ. ಇಂಗ್ಲಿಷ್‌ನಲ್ಲಿ ಒಂದು ಸಾಲಿಗೆ ಮುಗಿಯುವ ಶೀರ್ಷಿಕೆ ಕನ್ನಡದಲ್ಲಿ ಎರಡಕ್ಕೆ ಇಳಿಯುತ್ತದೆ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು. ಇಂಗ್ಲಿಷ್ ನೋಡಿಕೊಂಡು ನಿಗದಿ ಮಾಡಿದ 32 ಪಿಕ್ಸೆಲ್‌ನ ಸಾಲಿನಲ್ಲಿ ‘ಶ್ರೀರಂಗಪಟ್ಟಣ’ದ ಒತ್ತಿನ ಬುಡ ಕತ್ತರಿಸಿಹೋಗುವ ಅಪಾಯವಿದೆ. ನೋಟೊ ಸ್ಯಾನ್ಸ್ ಕನ್ನಡದಂತಹ ವೆಬ್ ಫಾಂಟ್ ತಡವಾಗಿ ಇಳಿದು ಬಂದಾಗ, ಅಷ್ಟರವರೆಗೆ ಅಳೆದಿಟ್ಟ ಎತ್ತರಗಳೆಲ್ಲ ಒಂದೇ ಏಟಿಗೆ ಸುಳ್ಳಾಗುತ್ತವೆ. ಫಾಂಟ್ ಸಿದ್ಧವಾದ ಮೇಲೆಯೇ ಅಳತೆ ಶುರುಮಾಡಿ, ಅಥವಾ ಫಾಂಟ್ ಬಂದಾಗ ಅಳತೆಗಳನ್ನು ಅಳಿಸಿ ಮತ್ತೆ ಅಳೆಯಿರಿ.

ಹೀಗಾಗಿ ನನ್ನ ಬಲವಾದ ಸಲಹೆ: ವರ್ಚುವಲೈಸೇಶನ್ ಬೇಕೆಂದು ತೀರ್ಮಾನಿಸಿದರೆ ಮೊದಲು ವಿನ್ಯಾಸಕರ ಜೊತೆ ಕೂತು ಸಾಲಿನ ಎತ್ತರವನ್ನು ಸ್ಥಿರಗೊಳಿಸಿ. ಹೆಸರಿಗೆ ಒಂದು ಸಾಲು, ತಾಲ್ಲೂಕು ಮತ್ತು ಜಿಲ್ಲೆಗೆ ಒಂದು ಸಾಲು, ಒಟ್ಟು 64 ಪಿಕ್ಸೆಲ್, ಮಿಕ್ಕಿದ್ದು ಚುಕ್ಕಿಗಳಲ್ಲಿ ಮುಗಿಯಲಿ, ಒತ್ತಿದರೆ ಪೂರ್ತಿ ಕಾಣಲಿ. ಈ ಒಂದು ಒಪ್ಪಂದ ತಿಂಗಳುಗಟ್ಟಲೆ ಬರುವ ದೋಷ ವರದಿಗಳನ್ನು ತಡೆಯುತ್ತದೆ. ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಂಡು ಓದುವವರೂ ಇರುವುದರಿಂದ ಎತ್ತರವನ್ನು ಅಕ್ಷರದ ಗಾತ್ರಕ್ಕೆ ತಕ್ಕಂತೆ ಲೆಕ್ಕ ಹಾಕಬೇಕು.

ಸಾಲುಗಳು ಲಕ್ಷಗಳಾದರೆ ಬ್ರೌಸರಿನದೇ ಒಂದು ಗೋಡೆ ಎದುರಾಗುತ್ತದೆ. ಒಂದು ಎಲಿಮೆಂಟಿನ ಎತ್ತರಕ್ಕೆ ಕ್ರೋಮ್‌ನಲ್ಲಿ ಸುಮಾರು 3.35 ಕೋಟಿ ಪಿಕ್ಸೆಲ್, ಫೈರ್‌ಫಾಕ್ಸ್‌ನಲ್ಲಿ ಸುಮಾರು 1.79 ಕೋಟಿ ಪಿಕ್ಸೆಲ್ ಮಿತಿಯಿದೆ. 40 ಪಿಕ್ಸೆಲ್‌ನ ಸಾಲಾದರೆ ಫೈರ್‌ಫಾಕ್ಸ್‌ನಲ್ಲಿ ಸುಮಾರು 4.4 ಲಕ್ಷ ಸಾಲುಗಳಿಗೆ ಆಟ ಮುಗಿಯಿತು. ಒಂದೂವರೆ ಲಕ್ಷ ಪದಗಳ ನಿಘಂಟು 48 ಪಿಕ್ಸೆಲ್‌ನ ಸಾಲುಗಳಲ್ಲಿ 72 ಲಕ್ಷ ಪಿಕ್ಸೆಲ್ ಆಗುವುದರಿಂದ ಸುರಕ್ಷಿತ. ಅದನ್ನು ಮೀರುವ ದಾಖಲೆಗಳಿಗೆ ಸ್ಕ್ರಾಲ್‌ಬಾರ್‌ನ ಅಳತೆಯನ್ನು ಕುಗ್ಗಿಸಿ ಹೊಂದಿಸುವ ತಂತ್ರ ಬೇಕು.

ಕಳೆದುಕೊಳ್ಳುವುದರ ಲೆಕ್ಕ

ಪುಟದಲ್ಲಿ ಇಲ್ಲದ ಸಾಲನ್ನು ಕಂಟ್ರೋಲ್-ಎಫ್ ಹುಡುಕಲಾರದು. ಮುದ್ರಿಸಿದರೆ ಬರುವುದು 25 ಸಾಲು. ಎಲ್ಲ ಆಯ್ದು ನಕಲಿಸಿದರೂ ಅಷ್ಟೇ. ಸ್ಕ್ರೀನ್ ರೀಡರ್ ‘25 ಅಂಶಗಳ ಪಟ್ಟಿ’ ಎಂದು ಓದುತ್ತದೆ. ಅದನ್ನು ಸರಿಪಡಿಸಲು ಸ್ಕ್ರೀನ್ ರೀಡರ್‌ಗೆ ಮಾಹಿತಿ ಕೊಡುವ ಏರಿಯಾ (ARIA) ಗುಣಗಳನ್ನು ಬಳಸಿ, ಪ್ರತಿ ಸಾಲಿಗೂ ಏರಿಯಾ-ಸೆಟ್‌ಸೈಜ್ ಮತ್ತು ಏರಿಯಾ-ಪೋಸ್‌ಇನ್‌ಸೆಟ್, ಕೋಷ್ಟಕವಾದರೆ ಏರಿಯಾ-ರೋಕೌಂಟ್ ಮತ್ತು ಏರಿಯಾ-ರೋಇಂಡೆಕ್ಸ್ ಕೊಡಬೇಕು. ಕೀಲಿಮಣೆಯ ಫೋಕಸ್ ಇದ್ದ ಸಾಲು ಪರದೆಯಾಚೆ ಹೋಗಿ ಅಳಿಸಿಹೋದರೆ ಫೋಕಸ್ ಪುಟದ ಆರಂಭಕ್ಕೆ ಬೀಳುತ್ತದೆ. ಫೋಕಸ್ ಇರುವ ಸಾಲನ್ನು ಅಳಿಸದೆ ಉಳಿಸಿಕೊಳ್ಳುವ ನಿಯಮ ಇರಲೇಬೇಕು. ಸಾಲಿನೊಳಗೆ ಬರೆಯುತ್ತಿದ್ದ ಪಠ್ಯವೂ ಹಾಗೆಯೇ ಮಾಯವಾಗುತ್ತದೆ, ಬರೆದದ್ದನ್ನು ಸಾಲಿನ ಎಲಿಮೆಂಟಿನ ಹೊರಗೆ ಉಳಿಸಿಡಿ.

ವೇಗವಾಗಿ ಬೆರಳು ಜಾರಿಸಿದಾಗ ಕಾಣುವ ಬಿಳಿ ಜಾಗವೂ ಈ ವಿಧಾನದ್ದೇ ಕೊಡುಗೆ. ಸ್ಕ್ರಾಲ್ ಕಾಂಪೋಸಿಟರ್‌ನಲ್ಲಿ ಮುಂದೆ ಓಡುತ್ತದೆ, ಸಾಲು ಕಟ್ಟುವ ಜಾವಾಸ್ಕ್ರಿಪ್ಟ್ ಮುಖ್ಯ ಥ್ರೆಡ್‌ನಲ್ಲಿ ಹಿಂದೆ ಬೀಳುತ್ತದೆ. ಓವರ್‌ಸ್ಕ್ಯಾನ್ ಹೆಚ್ಚಿಸಿದರೆ ಬಿಳಿ ಕಡಿಮೆಯಾಗಿ ಪ್ರತಿ ಫ್ರೇಮಿನ ಕೆಲಸ ಹೆಚ್ಚುತ್ತದೆ. ಸಾಲನ್ನು ಹಗುರವಾಗಿಸುವುದೇ ನಿಜವಾದ ಪರಿಹಾರ.

ಯಾವ ಲೈಬ್ರರಿ

ರಿಯಾಕ್ಟ್‌ನಲ್ಲಿ ಸ್ಥಿರ ಎತ್ತರದ ಪಟ್ಟಿಗೆ ರಿಯಾಕ್ಟ್-ವಿಂಡೋ ಸಾಕು. ಚಿಕ್ಕದು, ಸರಳ. ಅದನ್ನು ಬರೆದ ಬ್ರಯಾನ್ ವಾನ್ ಅವರದೇ ಹಳೆಯ ರಿಯಾಕ್ಟ್-ವರ್ಚುವಲೈಸ್ಡ್ ಬಹಳ ದೊಡ್ಡದು, ಹೊಸ ಯೋಜನೆಗೆ ಬೇಡ. ಟ್ಯಾನ್‌ಸ್ಟ್ಯಾಕ್ ವರ್ಚುವಲ್ ಲೆಕ್ಕ ಮಾತ್ರ ಮಾಡಿಕೊಡುತ್ತದೆ, ಎಚ್‌ಟಿಎಂಎಲ್ ಪೂರ್ತಿ ನಿಮ್ಮದು. ರಿಯಾಕ್ಟ್, ವ್ಯೂ, ಸ್ವೆಲ್ಟ್, ಸಾಲಿಡ್ ಎಲ್ಲದಕ್ಕೂ ಹೊಂದುತ್ತದೆ. ಸರಿಯಾದ ಲಿಸ್ಟ್ ಎಲಿಮೆಂಟ್‌ಗಳನ್ನೂ ಏರಿಯಾ ಗುಣಗಳನ್ನೂ ನೀವೇ ಹಾಕಬಹುದಾದ್ದರಿಂದ ನನ್ನ ಮೊದಲ ಆಯ್ಕೆ ಇದು. ಎತ್ತರ ಬದಲಾಗುವುದು ಅನಿವಾರ್ಯವಾದರೆ, ಅದರಲ್ಲೂ ಹಳೆಯ ಸಂದೇಶಗಳು ಮೇಲ್ತುದಿಗೆ ಸೇರುತ್ತ ಹೋಗುವ ಚಾಟ್ ಆದರೆ, ರಿಯಾಕ್ಟ್ ವರ್ಚುವೋಸೊ ನೋಡಿ. ಸಾಲುಗಳನ್ನು ತಾನೇ ಅಳೆಯುತ್ತದೆ, ಮೇಲೆ ಸಾಲು ಸೇರಿದಾಗ ಜಾಗ ಕಾಯ್ದುಕೊಳ್ಳುವ ಏರ್ಪಾಡೂ ಇದೆ. ಅದರ ಸಂದೇಶ ಪಟ್ಟಿಯ ವಿಶೇಷ ಭಾಗ ಮಾತ್ರ ಹಣ ಕೊಟ್ಟು ಪಡೆಯಬೇಕಾದದ್ದು. ಆಂಗ್ಯುಲರ್‌ನವರಿಗೆ 2018ರ ಆವೃತ್ತಿ 7ರಿಂದ ಅದರದೇ ಘಟಕಗಳ ಸಂಗ್ರಹವಾದ ಸಿಡಿಕೆಯಲ್ಲೇ ಸ್ಥಿರ ಎತ್ತರದ ಸೌಲಭ್ಯವಿದೆ, ಹೊರಗೆ ಹುಡುಕುವುದು ಬೇಡ.

ಹತ್ತಾರು ಕಾಲಂಗಳ, ವಿಂಗಡಣೆ, ಸೋಸುವಿಕೆ ಎಲ್ಲ ಬೇಕಾದ ಕೋಷ್ಟಕಕ್ಕೆ ಪಟ್ಟಿಯ ಲೈಬ್ರರಿಯನ್ನು ಎಳೆದಾಡಬೇಡಿ. ಎಜಿ ಗ್ರಿಡ್‌ನಂತಹ ಸಿದ್ಧ ಗ್ರಿಡ್ ಸಾಲು, ಕಾಲಂ ಎರಡನ್ನೂ ವರ್ಚುವಲೈಸ್ ಮಾಡುತ್ತದೆ.

ಎಲಿಮೆಂಟ್‌ಗಳನ್ನೇ ಬಿಟ್ಟು ಕ್ಯಾನ್ವಾಸ್ ಮೇಲೆ, ಅಂದರೆ ಚಿತ್ರ ಬಿಡಿಸುವ ಖಾಲಿ ಹಲಗೆಯಂತಹ ಜಾಗದಲ್ಲಿ, ಪಟ್ಟಿ ಬಿಡಿಸುವುದು ಕೊನೆಯ ದಾರಿ. ಗೂಗಲ್ ಡಾಕ್ಸ್ 2021ರಲ್ಲಿ ಆ ಕಡೆ ಹೊರಳಿತು. ಅಷ್ಟು ದೊಡ್ಡ ತಂಡಕ್ಕೆ ಅದು ಸಾಧ್ಯ. ಪಠ್ಯದ ಆಯ್ಕೆ, ಫೋಕಸ್, ಸ್ಕ್ರೀನ್ ರೀಡರ್ ಬೆಂಬಲ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕು. ಕನ್ನಡದ ಒತ್ತಕ್ಷರಗಳನ್ನು ಕ್ಯಾನ್ವಾಸ್ ಸರಿಯಾಗಿಯೇ ಮೂಡಿಸುತ್ತದೆ, ಆದರೆ ಉದ್ದ ಪದವನ್ನು ಮುಂದಿನ ಸಾಲಿಗೆ ಒಡೆಯುವಾಗ ಒತ್ತಿನ ನಡುವೆ ಕತ್ತರಿಸದಂತೆ ನೋಡಿಕೊಳ್ಳುವ ಹೊಣೆ ನಿಮ್ಮದೇ. ಹೆಸರುಗಳ ಪಟ್ಟಿಗೆ ಈ ಹಾದಿ ಹಿಡಿಯಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಲಕ್ಷಾಂತರ ಕೋಶಗಳ, ಸೆಕೆಂಡಿಗೆ ಹಲವು ಬಾರಿ ಬದಲಾಗುವ ಷೇರು ದರಗಳಂತಹ ಕೋಷ್ಟಕಕ್ಕಾದರೆ ಮಾತ್ರ ಯೋಚಿಸಬಹುದು.